ವೈದ್ಯಕೀಯ ಸೀಟು ಹಂಚಿಕೆ: ಕಾಲೇಜು ಆಯ್ಕೆ ಕುರಿತು ಮಾಹಿತಿ

ರಾಜ್ಯದ ಎಂ.ಬಿ.ಬಿ.ಎಸ್. ಆಕಾಂಕ್ಷಿಗಳಿಗೆ ನೀಟ್ ಅರ್ಹತೆಯ ಮೇಲೆ ಎರಡು ಕಡೆಗಳಿಂದ ಸೀಟು ದೊರೆಯಬಹುದು. ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಅಖಿಲ ಭಾರತ ಕೋಟಾ ಸೀಟುಗಳನ್ನೂ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳನ್ನೂ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯು ಹಂಚುತ್ತದೆ. ಉಳಿದ ಸರ್ಕಾರಿ ಹಾಗೂ ಖಾಸಗಿ ಸೀಟುಗಳ ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು. ಎರಡೂ ಕಡೆ ಸೀಟು ದೊರೆತವರು ಅಂತಿಮವಾಗಿ ಒಂದನ್ನೇ ಉಳಿಸಿಕೊಳ್ಳತಕ್ಕದ್ದು.

ಪ್ರಾಧಿಕಾರದಿಂದ ಸೀಟು ಪಡೆದವರು ಅದನ್ನು ಒಪ್ಪಿ ಕಾಲೇಜಿಗೆ ಸೇರಬಹುದು; ಇಲ್ಲವೇ ಶುಲ್ಕ ಪಾವತಿಸಿ ಸೀಟು ಉಳಿಸಿಕೊಂಡು, ಮುಂದಿನ ಸುತ್ತಿನಲ್ಲಿ ಮೇಲಿನ ಆದ್ಯತೆಗಳಿಗೆ ಕಾಯಬಹುದು. ಹಲವು ಪೋಷಕರು ಎಡವುವುದು ಇಲ್ಲಿಯೇ. ಮೇಲಿನ ಆದ್ಯತೆಯ ಕಾಲೇಜು ದೊರೆತ ಕೂಡಲೇ ಹಿಂದಿನ ಸೀಟು ತಾನಾಗಿ ರದ್ದಾಗುತ್ತದೆ. ಅದನ್ನು ಮರಳಿ ಕೇಳಲು ಬರುವುದಿಲ್ಲ. ಮೈಸೂರಿನ ಸರ್ಕಾರಿ ಸೀಟು ಹೊಂದಿದವರ ಪಟ್ಟಿಯಲ್ಲಿ ಅದಕ್ಕೂ ಮೇಲೆ ದುಬಾರಿ ಶುಲ್ಕದ ಖಾಸಗಿ ಸೀಟೊಂದು ಅಜಾಗರೂಕತೆಯಿಂದ ಉಳಿದಿದ್ದರೆ, ಗಣಕಯಂತ್ರವು ಅದನ್ನೇ ನೀಡಬಹುದು. ಕುಟುಂಬದ ಆರ್ಥಿಕ ಸ್ಥಿತಿ ಅದಕ್ಕೆ ತಿಳಿಯದು. ಸೇರಲಾಗದ ಆದ್ಯತೆಗಳನ್ನು ಸುತ್ತಿಗೆ ಮುನ್ನವೇ ತೆಗೆದುಹಾಕುವುದು ಸೂಕ್ತ.

ಕಾಲೇಜುಗಳನ್ನು ಹೋಲಿಸುವಾಗ ಕಟ್ಟಡಕ್ಕಿಂತ ಆಸ್ಪತ್ರೆಯನ್ನು ನೋಡುವುದು ಒಳಿತು. ನಾಲ್ಕೂವರೆ ವರ್ಷಗಳ ವ್ಯಾಸಂಗ, ನಂತರ 1 ವರ್ಷದ ಕಡ್ಡಾಯ ಇಂಟರ್ನ್‌ಶಿಪ್. ಹೊರರೋಗಿ ವಿಭಾಗ ಖಾಲಿಯಿರುವೆಡೆ ಕಲಿಕೆ ಅಲ್ಪವೇ. ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡ ಹೊಸ ಸರ್ಕಾರಿ ಕಾಲೇಜುಗಳಲ್ಲಿ ರೋಗಿಗಳ ಕೊರತೆಯಿರದು, ಆದರೆ ಹಿರಿಯ ಬೋಧಕರ ಸಂಖ್ಯೆಯನ್ನು ವಿಚಾರಿಸತಕ್ಕದ್ದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜುಗಳಲ್ಲಿ, ಅವು ಹಳೆಯವಿರಲಿ ಹೊಸವಿರಲಿ, ದೊರೆಯುವ ಪದವಿ ಒಂದೇ. ನಿಗದಿತ ದಿನಾಂಕದೊಳಗೆ ಕಾಲೇಜಿಗೆ ವರದಿ ಮಾಡಿಕೊಳ್ಳದಿದ್ದಲ್ಲಿ ಸೀಟು ಕೈತಪ್ಪುತ್ತದೆ.