ಭೃಂಗರಾಜನಿರ್ಣಯವೂ ಸೂರ್ಯಕಾಂತಿಯ ಕುಲದ ಕಾಡುಹೂಗಳ ಲಕ್ಷಣವೂ

ಅಮರಸಿಂಹನು ವನೌಷಧಿವರ್ಗದಲ್ಲಿ ಮಾರ್ಕವ, ಭೃಂಗರಾಜ ಎಂಬ ಎರಡು ಹೆಸರುಗಳನ್ನು ಒಂದೇ ಗಿಡಕ್ಕೆ ಹೇಳಿರುವನು. ಭಾವಮಿಶ್ರನ ನಿಘಂಟುವಿನಲ್ಲಿ ಕೇಶರಾಜ, ಕೇಶರಂಜನ ಮೊದಲಾದ ಇನ್ನೂ ಕೆಲವು ಹೆಸರುಗಳು ಸೇರಿರುವುವು. ಪಾಠಶಾಲೆಯಲ್ಲಿ ಓದಿದವರು ಇವುಗಳನ್ನು ಬಾಯಿಪಾಠ ಮಾಡಿರುವರು, ನಾನೂ ಮಾಡಿದ್ದೆನು. ಆದರೆ ಪರ್ಯಾಯಪದವು ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ನಮ್ಮನ್ನು ಒಯ್ಯುವುದಲ್ಲದೆ, ಹೆಸರಿನಿಂದ ಗಿಡದ ಬುಡಕ್ಕೆ ಒಯ್ಯಲಾರದು.

ಇದು ನನಗೆ ಮನದಟ್ಟಾದುದು ಒಂದು ಮಳೆಗಾಲದಲ್ಲಿ. ನನ್ನಲ್ಲಿ ಓದುತ್ತಿದ್ದ ಮೂವರು ವಿದ್ಯಾರ್ಥಿಗಳಿಗೆ ಭೃಂಗರಾಜವನ್ನು ಕಿತ್ತು ತರುವಂತೆ ಹೇಳಿದೆನು. ಒಬ್ಬನು ಗದ್ದೆಯ ಬದುವಿನಿಂದ ಚಿಕ್ಕ ಬಿಳಿಯ ಹೂವಿನ ಗಿಡವನ್ನು ತಂದನು. ಎರಡನೆಯವನು ದಾರಿಯ ಅಂಚಿನಿಂದ, ನಡುವೆ ಹಳದಿಯಾಗಿ ಸುತ್ತಲೂ ಬೆಳ್ಳಗಿರುವ ಹೂವಿನ ಗಿಡವನ್ನು ತಂದನು. ಮೂರನೆಯವನು ಕೈತೋಟವೊಂದರಲ್ಲಿ ಹಬ್ಬಿದ್ದ ಹಳದಿಯ ಹೂವಿನ ಬಳ್ಳಿಯನ್ನು ತಂದನು. ಶ್ಲೋಕವನ್ನು ಮಾತ್ರ ಮೂವರೂ ತಪ್ಪಿಲ್ಲದೆ ಹೇಳಿದರು. ಯಾರದು ಸರಿಯೆಂದು ಅವರು ಕೇಳಿದಾಗ, "ನಮ್ಮ ಮನೆಯ ಹಿರಿಯರು ತರುತ್ತಿದ್ದುದು ಮೊದಲನೆಯದು" ಎಂಬುದಕ್ಕಿಂತ ಹೆಚ್ಚಿನ ಉತ್ತರವು ನನ್ನಲ್ಲಿರಲಿಲ್ಲ. ವೃದ್ಧವ್ಯವಹಾರವು ಶಕ್ತಿಗ್ರಹಕ್ಕೆ ಒಂದು ಉಪಾಯವೆಂಬುದು ಸರ್ವಸಮ್ಮತವೇ ಸರಿ. ಆದರೆ ಮೂರು ಮನೆಗಳ ವೃದ್ಧರು ಮೂರು ಗಿಡಗಳನ್ನು ತೋರಿಸಿದರೆ ಗತಿಯೇನು? ಆಗ ಲಕ್ಷಣವನ್ನೇ ಆಶ್ರಯಿಸಬೇಕಾಗುವುದು. ಆ ಲಕ್ಷಣವನ್ನು ಹೂವಿನಲ್ಲಿ ಹೇಗೆ ಕಾಣಬಹುದೆಂಬುದನ್ನು ಈ ಲೇಖನದಲ್ಲಿ ನಿರೂಪಿಸುವೆನು.

೧. ಕುಲದ ಲಕ್ಷಣ

ಮೂರು ಗಿಡಗಳೂ ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ, ಕುಸುಬೆ, ಹುಚ್ಚೆಳ್ಳುಗಳ ಕುಲಕ್ಕೇ ಸೇರಿದುವು. ಸಸ್ಯಶಾಸ್ತ್ರಜ್ಞರು ಇದನ್ನು ಹಿಂದೆ ಕಾಂಪೋಸಿಟೆ ಎನ್ನುತ್ತಿದ್ದರು. ಈಗ ಆಸ್ಟರೇಸಿ ಎನ್ನುವರು. ಹೂಬಿಡುವ ಸಸ್ಯಗಳ ಅತಿ ದೊಡ್ಡ ಕುಲಗಳಲ್ಲಿ ಇದೊಂದು. ಇದರ ಪ್ರಭೇದಗಳು ಇಪ್ಪತ್ತು ಸಾವಿರಕ್ಕೂ ಮೇಲಿರುವುವು.

ನಾವು ಸೂರ್ಯಕಾಂತಿಯ ಒಂದು ಹೂವೆಂದು ಕರೆಯುವುದು ವಸ್ತುತಃ ಒಂದು ಹೂವಲ್ಲ. ಅದು ನೂರಾರು ಕಿರುಹೂಗಳು ಒಂದೇ ಪೀಠದ ಮೇಲೆ ಒತ್ತಾಗಿ ಕುಳಿತ ಸಭೆ. ಈ ಸಭೆಯನ್ನು ಇಲ್ಲಿ ಮುಂಡಕವೆಂದು ಕರೆಯುವೆನು. ಅದರ ಸುತ್ತಲೂ ಇರುವ ಹಸುರು ಎಸಳುಗಳು ಹೂವಿನ ಪುಷ್ಪಕೋಶವಲ್ಲ. ಅವು ಇಡೀ ಸಭೆಗೆ ಹಾಕಿದ ಬೇಲಿ, ಅಂದರೆ ಆವರಣಪತ್ರಗಳು. ಅಂಚಿನಲ್ಲಿ ದಳದಂತೆ ಚಾಚಿರುವ ಒಂದೊಂದೂ ಒಂದೊಂದು ಕಿರುಹೂವೇ ಆಗಿರುವುದು. ಇದನ್ನು ನಾಲಗೆಹೂವೆಂದೂ, ನಡುವಿನ ಬಿಂಬದಲ್ಲಿರುವವನ್ನು ಕೊಳವೆಹೂಗಳೆಂದೂ ಕರೆಯೋಣ. ಕೊಳವೆಹೂಗಳು ಅಂಚಿನಿಂದ ನಡುವಿನ ಕಡೆಗೆ ಕ್ರಮವಾಗಿ ಅರಳುವುವು. ಒಂದೇ ಹೂವಾಗಿದ್ದರೆ ಹೀಗೆ ಸುತ್ತುಸುತ್ತಾಗಿ ಅರಳುವುದಕ್ಕೆ ಅರ್ಥವಿರುತ್ತಿರಲಿಲ್ಲ.

ಇನ್ನು ಲಕ್ಷಣಪರೀಕ್ಷೆ. "ಅನೇಕ ಕಿರುಹೂಗಳು ಒಂದು ತಲೆಯಾಗಿ ಕೂಡಿರುವುದು" ಎಂದಷ್ಟೇ ಹೇಳಿದರೆ ಅತಿವ್ಯಾಪ್ತಿಯು ಬರುವುದು. ಮುಟ್ಟಿದರೆ ಮುನಿಯ ಕೆಂಗುಲಾಬಿಯ ಚೆಂಡಿಗೂ ಕದಂಬದ ಚೆಂಡಿಗೂ ಅದು ಸಲ್ಲುವುದು. "ಅಂಚಿನಲ್ಲಿ ದಳದಂತಹ ನಾಲಗೆಗಳಿರುವುದು" ಎಂದರೆ ಅವ್ಯಾಪ್ತಿಯು ಬರುವುದು. ಸಹದೇವಿಯಲ್ಲಿಯೂ ಮುಂಡಿಯಲ್ಲಿಯೂ ನಾಲಗೆಗಳಿಲ್ಲ. ಆದುದರಿಂದ ಒಂದು ಕಿರುಹೂವನ್ನು ಸೂಜಿಯ ಮೊನೆಯಿಂದ ಬಿಡಿಸಿ ಭೂತಗನ್ನಡಿಯಲ್ಲಿ ನೋಡತಕ್ಕುದು. ಅಲ್ಲಿ ಎರಡು ಗುರುತುಗಳು ಮುಖ್ಯ. ಮೊದಲನೆಯದು, ಐದು ಪರಾಗಕೋಶಗಳು ಪಕ್ಕಪಕ್ಕಕ್ಕೆ ಅಂಟಿಕೊಂಡು ಒಂದು ಕೊಳವೆಯಾಗಿರುವುದು. ಆ ಕೊಳವೆಯೊಳಗಿಂದ ಶಲಾಕೆಯು ಬೆಳೆದು ಪರಾಗವನ್ನು ಹೊರಕ್ಕೆ ತಳ್ಳಿ, ಆಮೇಲೆ ತುದಿಯಲ್ಲಿ ಎರಡಾಗಿ ಸೀಳುವುದು. ಎರಡನೆಯದು, ಅಂಡಾಶಯವು ದಳಗಳ ಕೆಳಗಿದ್ದು, ಒಂದೇ ಬೀಜವುಳ್ಳ ಒಣ ಕಾಯಿಯಾಗುವುದು. ನಾವು ಸೂರ್ಯಕಾಂತಿಯ ಬೀಜವೆಂದು ಸಿಪ್ಪೆ ಸುಲಿಯುವುದು ಇಡೀ ಕಾಯಿಯನ್ನೇ. ಮುಟ್ಟಿದರೆ ಮುನಿಯಲ್ಲಿ ಕೇಸರಗಳು ಬಿಡಿಬಿಡಿಯಾಗಿರುವುವು, ಅಂಡಾಶಯವು ಮೇಲಿರುವುದು. ಆದುದರಿಂದ ಅದು ಹೊರಗಾಯಿತು. ಲಿನ್ನೇಯಸನು ೧೭೩೫ರ ತನ್ನ ಗ್ರಂಥದಲ್ಲಿ ಈ ಗಿಡಗಳಿಗೆ ಪ್ರತ್ಯೇಕವಾದ ಒಂದು ವರ್ಗವನ್ನು ಕಲ್ಪಿಸಿದುದು ಪರಾಗಕೋಶಗಳ ಈ ಕೂಡುವಿಕೆಯನ್ನು ನೋಡಿಯೇ.

೨. ಮೂರು ಪಂಗಡಗಳು

ಕುಲವು ನಿಶ್ಚಿತವಾದ ಮೇಲೆ ಮುಂಡಕವನ್ನು ನಡುವೆ ಸೀಳಿ ನೋಡಿದರೆ ಮೂರು ಬಗೆಗಳು ತೋರುವುವು.

ಎಲ್ಲವೂ ನಾಲಗೆಹೂಗಳೇ ಆಗಿರುವುದು ಒಂದು ಬಗೆ. ಇಂತಹ ಗಿಡವನ್ನು ಮುರಿದರೆ ಹಾಲು ಒಸರುವುದು. ಪ್ರತಿಯೊಂದು ನಾಲಗೆಯ ತುದಿಯಲ್ಲಿಯೂ ಐದು ಹಲ್ಲುಗಳಿರುವುವು. ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಹಕ್ಕರಿಕೆಯು ಈ ಬಗೆಯದು.

ಎಲ್ಲವೂ ಕೊಳವೆಹೂಗಳೇ ಆಗಿರುವುದು ಎರಡನೆಯ ಬಗೆ. ಸಹದೇವಿ, ಕಾಡುಜೀರಿಗೆ, ಮುಂಡಿ ಇವು ಇದಕ್ಕೆ ಉದಾಹರಣೆಗಳು. ಕೊಯ್ಲಾದ ಗದ್ದೆಗಳಲ್ಲಿ ಬೆಳೆಯುವ ಮುಂಡಿಯಲ್ಲಿ ಒಂದು ವಿಶೇಷವುಂಟು. ಅದರ ನೇರಿಳೆ ಬಣ್ಣದ ಗುಂಡು ತಲೆಯು ಒಂದು ಮುಂಡಕವಲ್ಲ, ಅನೇಕ ಸಣ್ಣ ಮುಂಡಕಗಳು ಕೂಡಿದ ಗೋಳ. ಕಾಂಡದ ಉದ್ದಕ್ಕೂ ರೆಕ್ಕೆಯಂತಹ ಏಣುಗಳಿರುವುದರಿಂದ ಅದನ್ನು ದೂರದಿಂದಲೇ ಗುರುತಿಸಬಹುದು.

ನಡುವೆ ಕೊಳವೆಹೂ, ಅಂಚಿನಲ್ಲಿ ನಾಲಗೆಹೂ ಇರುವುದು ಮೂರನೆಯ ಬಗೆ. ಹುಚ್ಚೆಳ್ಳಿನ ಹೊಲದಲ್ಲಿ ನಿಂತು ಒಂದು ಹೂವನ್ನು ಬಿಡಿಸಿದರೆ ಇದು ಸ್ಪಷ್ಟವಾಗುವುದು. ವಿದ್ಯಾರ್ಥಿಗಳು ತಂದ ಮೂರು ಗಿಡಗಳೂ ಈ ಬಗೆಯವೇ ಆದುದರಿಂದ ಅವುಗಳ ಭೇದವನ್ನು ಇನ್ನೂ ಒಳಹೊಕ್ಕು ನೋಡಬೇಕು.

೩. ಮೂರು ಗಿಡಗಳ ವಿಚಾರ

ಗದ್ದೆಯ ಬದುವಿನಿಂದ ಬಂದುದು ನಮ್ಮ ಗರುಗ. ಶಾಸ್ತ್ರಜ್ಞರ ಎಕ್ಲಿಪ್ಟ ಪ್ರೋಸ್ಟ್ರಾಟ. ಕೆಲವು ಗ್ರಂಥಗಳಲ್ಲಿ ಕಾಣುವ ಎಕ್ಲಿಪ್ಟ ಆಲ್ಬ ಎಂಬುದೂ ಇದೇ. ಎಲೆಗಳು ಎದುರುಬದುರಾಗಿ, ನೀಳವಾಗಿ, ಒರಟಾಗಿರುವುವು. ಮುಂಡಕವು ಎಲೆಯ ಕಂಕುಳಲ್ಲಿ ಚಿಕ್ಕ ತೊಟ್ಟಿನ ಮೇಲೆ ಕುಳಿತಿರುವುದು. ನಾಲಗೆಗಳು ಬಿಳಿಯವು, ಅತಿ ಸಪುರ, ಅನೇಕ. ನಡುವಿನ ಕೊಳವೆಹೂಗಳೂ ಬಿಳಿಯವೇ, ಅವಕ್ಕೆ ಸಾಧಾರಣವಾಗಿ ನಾಲ್ಕು ಹಲ್ಲುಗಳು. ಕಾಯಿಯ ತಲೆಯಲ್ಲಿ ಕುಚ್ಚು ಇಲ್ಲವೆಂದೇ ಹೇಳಬಹುದು. ಎಲ್ಲಕ್ಕಿಂತ ಸುಲಭವಾದ ಗುರುತು ರಸದ್ದು: ಎಲೆಯನ್ನೂ ಎಳೆಯ ಕಾಂಡವನ್ನೂ ಅಂಗೈಯಲ್ಲಿ ಹೊಸಕಿದರೆ ಸ್ವಲ್ಪ ಹೊತ್ತಿನಲ್ಲಿ ರಸವು ಕಪ್ಪಾಗುವುದು. ಕೇಶರಂಜನವೆಂಬ ಹೆಸರಿಗೂ, ನಮ್ಮ ಮನೆಗಳಲ್ಲಿ ಈ ರಸದಲ್ಲಿ ನೆನೆಸಿದ ಬಟ್ಟೆಯ ಬತ್ತಿಯನ್ನು ಉರಿಸಿ ಕಾಡಿಗೆ ಹಿಡಿಯುತ್ತಿದ್ದ ರೂಢಿಗೂ ಇದು ಹೊಂದುವುದು.

ದಾರಿಯ ಅಂಚಿನಿಂದ ಬಂದುದು ಟ್ರೈಡಾಕ್ಸ್ ಪ್ರೊಕಂಬೆನ್ಸ್. ಇದರ ಮುಂಡಕವು ಗೇಣುದ್ದದ ಒಂಟಿ ತೊಟ್ಟಿನ ತುದಿಯಲ್ಲಿರುವುದು. ನಡುವೆ ಹಳದಿ, ಅಂಚಿನಲ್ಲಿ ಮಾಸಲು ಬಿಳಿಯ ನಾಲಗೆಗಳು ನಾಲ್ಕಾರು ಮಾತ್ರ, ಒಂದೊಂದರ ತುದಿಯಲ್ಲಿಯೂ ಮೂರು ಹಲ್ಲು. ಕಾಯಿಗೆ ಗರಿಯಂತಹ ಕುಚ್ಚು ಇರುವುದರಿಂದ ಗಾಳಿಯಲ್ಲಿ ಹಾರಿ ಹೋಗುವುದು. ಗಾಯಕ್ಕೆ ಇದರ ಸೊಪ್ಪನ್ನು ಹಿಂಡುವವರು ಉಂಟು. ಕೆಲವರು ಇದನ್ನೇ ಭೃಂಗರಾಜವೆಂದು ಬಳಸುವರು.

ಕೈತೋಟದಿಂದ ಬಂದ ಹಳದಿಯ ಹೂವಿನದು ಸ್ಫಾಗ್ನೆಟಿಕೋಲ ಟ್ರೈಲೋಬೇಟ. ನೆಲವನ್ನು ಮುಚ್ಚಲೆಂದು ನೆಡುವ ಬಳ್ಳಿ. ಎಲೆಯು ಮೂರು ಹಾಲೆಗಳಾಗಿರುವುದು ಇದರ ಗುರುತು. ಇದಕ್ಕೆ ಅತಿ ಸಮೀಪದ ಬಂಧುವೊಂದು ನಮ್ಮ ದೇಶದಲ್ಲಿಯೇ ತೇವದ ನೆಲದಲ್ಲಿ ಬೆಳೆಯುವುದು. ಅದು ಸ್ಫಾಗ್ನೆಟಿಕೋಲ ಕ್ಯಾಲೆಂಡುಲೇಸಿಯ, ಹಿಂದೆ ವೆಡೀಲಿಯ ಎನ್ನಿಸಿಕೊಂಡುದು. ಇದರ ಎಲೆಯು ನೀಳವಾಗಿದ್ದು ಹಾಲೆಗಳಾಗಿರುವುದಿಲ್ಲ. ರಾಜನಿಘಂಟುವಿನಲ್ಲಿ ಬಿಳಿಯ ಭೃಂಗರಾಜದೊಡನೆ ಹಳದಿಯದನ್ನೂ ಹೇಳಿರುವುದರಿಂದ, ಪೀತಭೃಂಗರಾಜವೆಂದು ವೈದ್ಯರು ಗ್ರಹಿಸುವುದು ಈ ದೇಶೀಯ ಗಿಡವನ್ನೇ.

ಇಲ್ಲಿ ಇತಿಹಾಸವೂ ನಮಗೆ ಸಾಕ್ಷಿ ನುಡಿಯುವುದು. ಟ್ರೈಡಾಕ್ಸೂ ಮೂರು ಹಾಲೆಯ ಬಳ್ಳಿಯೂ ಅಮೆರಿಕ ಖಂಡದ ಉಷ್ಣಪ್ರದೇಶಗಳಲ್ಲಿ ಹುಟ್ಟಿದುವು. ಆ ಖಂಡದ ಗಿಡಗಳು ಈ ಕಡೆಗೆ ಬರತೊಡಗಿದುದು ೧೪೯೨ರ ನೌಕಾಯಾನದ ಅನಂತರ. ಅದಕ್ಕೆ ಎಷ್ಟೋ ಶತಮಾನಗಳ ಹಿಂದಿನ ಅಮರಸಿಂಹನು ಕಾಣದ ಗಿಡಕ್ಕೆ ಹೆಸರಿಡಲಾರನು. ಹೀಗೆ ರೂಪದಿಂದಲೂ ರಸದಿಂದಲೂ ಕಾಲದಿಂದಲೂ ಮೊದಲನೆಯ ವಿದ್ಯಾರ್ಥಿಯು ತಂದುದೇ ಭೃಂಗರಾಜವೆಂದು ಸಿದ್ಧವಾಯಿತು. ಕುಲಕ್ಕೆ ಹೆಸರು ಕೊಟ್ಟ ಸೂರ್ಯಕಾಂತಿಯೂ ಅಮೆರಿಕದಿಂದ ಬಂದ ಅತಿಥಿಯೇ ಎಂಬುದನ್ನು ಇಲ್ಲಿ ನೆನೆಯಬಹುದು.

೪. ಸಹದೇವಿ ಮತ್ತು ಅದರಂತೆ ತೋರುವುವು

ನಾಲಗೆಯಿಲ್ಲದ ಬಗೆಯಲ್ಲಿಯೂ ಇಂತಹ ಭ್ರಾಂತಿಗೆ ಎಡೆಯುಂಟು. ನೇರಿಳೆಯ ಚಿಕ್ಕ ಹೂವನ್ನು ಕಂಡೊಡನೆ ಸಹದೇವಿಯೆಂದು ಹೇಳುವುದು ವಾಡಿಕೆ. ಎಲೆಗಳು ಒಂದಾದ ಮೇಲೊಂದರಂತೆ ಪರ್ಯಾಯವಾಗಿದ್ದು, ಆವರಣಪತ್ರಗಳು ಸಪುರವಾಗಿ ಹಲವು ಸುತ್ತುಗಳಲ್ಲಿದ್ದು, ಕಾಯಿಗೆ ಬಿಳಿಯ ಕೂದಲಿನ ಕುಚ್ಚು ಇದ್ದರೆ ಅದು ಸಹದೇವಿ. ಆವರಣಪತ್ರಗಳು ಒಂದೇ ಸುತ್ತಿನಲ್ಲಿ ಅಂಚಿಗೆ ಅಂಚು ಸೇರಿ ಉದ್ದನೆಯ ಕೊಳಗದಂತಾಗಿದ್ದು, ಮೇಲಣ ಎಲೆಯ ಬುಡವು ಕಾಂಡವನ್ನು ಅಪ್ಪಿಕೊಂಡಿದ್ದರೆ ಅದು ಎಮಿಲಿಯ ಸೋಂಕಿಫೋಲಿಯ. ಎಲೆಗಳು ಎದುರುಬದುರಾಗಿದ್ದು, ಹೊಸಕಿದರೆ ಕಟುವಾದ ವಾಸನೆ ಬಂದು, ಕಾಯಿಯ ತಲೆಯಲ್ಲಿ ಕೂದಲಿಗೆ ಬದಲು ಮೊನಚಾದ ಐದು ಹೊಟ್ಟುಗಳಿದ್ದರೆ ಅದು ಅಜೆರೇಟಮ್, ಇದೂ ಅಮೆರಿಕದ್ದೇ. ಬಣ್ಣವು ಮೂರರಲ್ಲಿಯೂ ಹೆಚ್ಚುಕಡಿಮೆ ಒಂದೇ. ಆದುದರಿಂದ ಬಣ್ಣವನ್ನು ಕಡೆಯ ಪ್ರಮಾಣವಾಗಿ ಇಟ್ಟುಕೊಳ್ಳತಕ್ಕುದು. ಎಲೆಯ ಜೋಡಣೆ, ಆವರಣಪತ್ರ, ಕಿರುಹೂವಿನ ಬಗೆ, ಕುಚ್ಚು ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡಿದವನು ಎಡವುವುದು ಅಪೂರ್ವ.

೫. ಪ್ರಯೋಜನ

ಇಷ್ಟೆಲ್ಲ ಸೂಕ್ಷ್ಮವು ಏತಕ್ಕೆಂದು ಕೇಳುವವರಿಗೆ ಒಂದು ಗಿಡವನ್ನು ತೋರಿಸಿದರೆ ಸಾಕು. ಜನರು ಕಾಂಗ್ರೆಸ್ ಗಿಡವೆನ್ನುವ ಪಾರ್ಥೀನಿಯಮ್ ಈ ಕುಲದ್ದೇ. ಅಮೆರಿಕದಿಂದ ಬಂದ ಇದು ೧೯೫೦ರ ದಶಕದ ನಡುವೆ ಪುಣೆಯಲ್ಲಿ ಕಂಡುಬಂದು, ಆಮೇಲೆ ದೇಶವನ್ನೆಲ್ಲ ವ್ಯಾಪಿಸಿತು. ಇದನ್ನು ತಿನ್ನುವ ಮೆಕ್ಸಿಕೊ ದೇಶದ ಜೀರುಂಡೆಯನ್ನು ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಇದನ್ನು ಮುಟ್ಟುತ್ತಿದ್ದರೆ ಅನೇಕರಿಗೆ ಚರ್ಮವು ಕೆಂಪೇರಿ ತುರಿಯುವುದು. ಇದರ ಪರಾಗದಿಂದ ಉಸಿರಾಟಕ್ಕೂ ತೊಂದರೆಯಾಗುವುದು. ಇದರ ಸೀಳೆಲೆಯನ್ನಷ್ಟೇ ನೋಡಿದವನಿಗೆ ಗಣಪತಿಯ ಪತ್ರಪೂಜೆಯ ಮಾಚಿಪತ್ರೆಯ ನೆನಪು ಬಂದೀತು. ಅದೂ ಇದೇ ಕುಲದ್ದು. ಆದರೆ ಮಾಚಿಪತ್ರೆಯ ಎಲೆಯ ತಳಭಾಗವು ಬಿಳಿಯ ನವಿರಿನಿಂದ ಕೂಡಿ ಸುಗಂಧವಾಗಿರುವುದು. ಪಾರ್ಥೀನಿಯಮ್ಮಿನ ಚಿಕ್ಕ ಬಿಳಿಯ ಮುಂಡಕದ ಅಂಚಿನಲ್ಲಿ, ಕಂಡೂ ಕಾಣದಂತಹ ಐದು ನಾಲಗೆಗಳು ಐದು ಮೂಲೆಗಳಂತೆ ನಿಂತಿರುವುವು. ಹೂವನ್ನು ನೋಡಬಲ್ಲವನು ಕೈಯಿಡುವುದಕ್ಕೆ ಮೊದಲೇ ಎಚ್ಚರಗೊಳ್ಳುವನು.

ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿ, ಔಷಧಿಗಳನ್ನು ನಾಮರೂಪಗಳಿಂದ ಬಲ್ಲವರು ಕುರಿ, ಆಡು, ದನಗಳನ್ನು ಕಾಯುವವರೂ ವನವಾಸಿಗಳೂ ಎಂದೂ, ನಾಮರೂಪಗಳನ್ನು ಅರಿತ ಮಾತ್ರಕ್ಕೆ ಔಷಧಿಯ ಪರಮಾರ್ಥವು ತಿಳಿಯದೆಂದೂ ಹೇಳಿದೆ. ನಾವು ಈ ವಚನದ ಎರಡನೆಯ ಭಾಗವನ್ನು ಹಿಡಿದು ಮೊದಲನೆಯದನ್ನು ಮರೆತೆವು. ರೂಪವನ್ನು ಬಿಟ್ಟು ನಾಮವನ್ನು ಮಾತ್ರ ಉಳಿಸಿಕೊಂಡೆವು. ಆ ಮಳೆಗಾಲದಲ್ಲಿ ಗರುಗವನ್ನು ತಂದ ಹುಡುಗನು ಅದನ್ನು ಶ್ಲೋಕದಿಂದ ಕಂಡುಕೊಂಡಿರಲಿಲ್ಲ. ಬದುವಿನಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿ ಹೊಸಕಿ, ಕಪ್ಪಾದ ಬೆರಳನ್ನು ಅವನಿಗೆ ತೋರಿಸಿದ್ದಳು. ನನಗೆ ತಿಳಿಯದಿದ್ದ ಲಕ್ಷಣವು ಆಕೆಗೆ ತಿಳಿದಿತ್ತು.

ಅಂದಿನಿಂದ ವನೌಷಧಿವರ್ಗದ ಪಾಠವನ್ನು ಶ್ಲೋಕದಿಂದ ಆರಂಭಿಸಿ ಹೊಲದ ಬದುವಿನಲ್ಲಿ ಮುಗಿಸುವುದನ್ನು ರೂಢಿಮಾಡಿಕೊಂಡಿರುವೆನು. ಒಂದು ಸೂಜಿ, ಒಂದು ಭೂತಗನ್ನಡಿ ಇವಕ್ಕಿಂತ ಹೆಚ್ಚಿನ ಸಾಮಗ್ರಿಯು ಬೇಕಾಗಿಲ್ಲ. ಇತರ ಪಾಠಶಾಲೆಗಳ ಅಧ್ಯಾಪಕರೂ ಇದನ್ನು ಪರೀಕ್ಷಿಸಿ ನೋಡಬೇಕೆಂದು ಪ್ರಾರ್ಥಿಸಿ, ಈ ವಿಚಾರವನ್ನು ವಿದ್ವಾಂಸರ ಪರಾಮರ್ಶೆಗೆ ಒಪ್ಪಿಸುವೆನು.