ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ: ಪ್ರಸ್ತಾವ ಬರೆಯುವ ಬಗೆ

ಊರಿನ ಕಷ್ಟವನ್ನು ಹತ್ತಿರದಿಂದ ಬಲ್ಲ ಸಣ್ಣ ಸಂಸ್ಥೆಗಳಿಗೆ ಅದನ್ನು ಹತ್ತು ಪುಟಗಳಲ್ಲಿ ಬರೆದು ತೋರಿಸುವುದು ಕಷ್ಟ. ಚೆನ್ನಾಗಿ ಬರೆಯಬಲ್ಲ ನಗರದ ಸಂಸ್ಥೆಗಳಲ್ಲಿ ಎಷ್ಟೋ ಆ ಊರನ್ನು ಕಂಡಿರುವುದೇ ಇಲ್ಲ. ಅನುದಾನದ ಹಣ ಸಾಮಾನ್ಯವಾಗಿ ಎರಡನೆಯವರ ಕಡೆಗೆ ಹರಿಯುತ್ತದೆ. ತಾಲ್ಲೂಕು ಮಟ್ಟದಲ್ಲಿ ದುಡಿಯುವ ಅನೇಕ ಸಂಘಗಳು ಮೂರು-ನಾಲ್ಕು ಬಾರಿ ತಿರಸ್ಕೃತಗೊಂಡು, ಕಾರ್ಯಕರ್ತರಿಗೆ ಗೌರವಧನ ಕೊಡಲಾರದೆ ಬಾಗಿಲು ಹಾಕಿರುವುದುಂಟು. ಪ್ರಸ್ತಾವ ಬರೆಯುವುದು ಕಲಿಯಬಹುದಾದ ವಿದ್ಯೆ. ಅದಕ್ಕೆ ಬೇಕಾದುದು ಭಾಷಾ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಲೆಕ್ಕದ ಶಿಸ್ತು.

ಹಣ ಎಲ್ಲಿದೆ?

2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಚಿತ್ರ ಬದಲಾಯಿತು. 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವ್ಯಯಿಸಬೇಕು. ಇದಲ್ಲದೆ ನಬಾರ್ಡ್‌ನಂಥ ಸಂಸ್ಥೆಗಳು, ಸರ್ಕಾರದ ಇಲಾಖೆಗಳು, ಟಾಟಾ ಟ್ರಸ್ಟ್‌ಗಳು, ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೊದಲಾದ ದತ್ತಿಗಳೂ ಇವೆ. ಪ್ರತಿಯೊಂದರ ಆಸಕ್ತಿ ಬೇರೆ. ಒಂದೇ ಪ್ರಸ್ತಾವದ ಮೇಲ್ಪುಟ ಬದಲಿಸಿ ಇಪ್ಪತ್ತು ಕಡೆಗೆ ಕಳುಹಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. ಓದುವವರಿಗೆ ಅದು ಮೊದಲ ಪುಟದಲ್ಲೇ ತಿಳಿದುಬಿಡುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ವಿನಾಯಿತಿ ಸಿಗುವುದಿಲ್ಲ. ಸಂಘ ಅಥವಾ ಟ್ರಸ್ಟಿನ ನೋಂದಣಿ, ಬೈಲಾ, ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿ, ಜನ ಇಂದಿಗೂ 12ಎ ಮತ್ತು 80ಜಿ ಎಂಬ ಹೆಸರಿನಿಂದಲೇ ಗುರುತಿಸುವ ಆದಾಯ ತೆರಿಗೆ ನೋಂದಣಿಗಳು ಕೈಯಲ್ಲಿರಬೇಕು. ಸರ್ಕಾರಿ ಅನುದಾನಕ್ಕೆ ನೀತಿ ಆಯೋಗದ ‘ದರ್ಪಣ’ ಸಂಖ್ಯೆಯೂ, ಕಂಪನಿಗಳ ಹಣಕ್ಕೆ ಸಿಎಸ್‌ಆರ್-1 ನೋಂದಣಿಯೂ ಅಗತ್ಯ. ಈ ಸಿಎಸ್‌ಆರ್-1 ನೋಂದಣಿ 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಕಂಪನಿಯೇ ಸ್ಥಾಪಿಸಿರದ ಸಂಸ್ಥೆಗೆ ಅದೇ ಬಗೆಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವವೂ ಇರಬೇಕು. ವಿದೇಶಿ ಹಣದ ಆಸೆಯನ್ನು ಹೊಸ ಸಂಸ್ಥೆಗಳು ಸದ್ಯಕ್ಕೆ ಬದಿಗಿಡುವುದೇ ಲೇಸು. ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯ ನಂತರ ಆ ದಾರಿ ಬಹಳ ಕಿರಿದಾಗಿದೆ.

ಸಮಸ್ಯೆಯನ್ನು ಸಮಸ್ಯೆಯಾಗಿಯೇ ಬರೆಯಿರಿ

ಪ್ರಸ್ತಾವಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ‘ನಮ್ಮ ಶಾಲೆಯಲ್ಲಿ ಮಳೆನೀರು ತೊಟ್ಟಿ ಇಲ್ಲ, ಆದ್ದರಿಂದ ತೊಟ್ಟಿ ಬೇಕು’ ಎಂದು ಬರೆದರೆ ಅದು ಸಮಸ್ಯೆಯ ವಿವರಣೆಯಾಗದು. ಪರಿಹಾರದ ಹೆಸರನ್ನೇ ಸಮಸ್ಯೆಯ ಜಾಗದಲ್ಲಿ ಕೂರಿಸಿದಂತಾಗುತ್ತದೆ. ತೊಟ್ಟಿ ಇಲ್ಲದ ಶಾಲೆಗಳು ನಾಡಿನಲ್ಲಿ ಸಾವಿರಾರು. ಈ ಶಾಲೆಗೇ ಏಕೆ ಬೇಕು?

ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ತಾಲ್ಲೂಕುಗಳ ಹಲವು ಹಳ್ಳಿಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಹಳೆಯ ಪೀಡೆ. ಅಂಥ ಊರೊಂದರ ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು. ಬೇರೆ ಜಲಮೂಲ ಇಲ್ಲದಿದ್ದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಶಾಲೆಯ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ, ಹಲ್ಲಿನ ಮೇಲೆ ಕಂದು ಕಲೆ ಕಾಣಿಸಿರುವ ಮಕ್ಕಳ ಎಣಿಕೆ, ನೀರು ಕುದಿಸಿದರೆ ಫ್ಲೋರೈಡ್ ಹೋಗದೆಂಬ ಅರಿವು ಊರಿನವರಿಗಿದೆಯೋ ಇಲ್ಲವೋ ಎಂಬ ವಿಚಾರಣೆ, ಇಷ್ಟು ಸೇರಿದರೆ ಒಂದು ಪುಟದ ವಿವರಣೆ ಸಿದ್ಧವಾಗುತ್ತದೆ. ‘ಜನರು ತೀವ್ರ ಸಂಕಷ್ಟದಲ್ಲಿದ್ದಾರೆ’ ಎಂಬ ವಾಕ್ಯವನ್ನು ಹತ್ತು ಬಾರಿ ಬರೆಯುವುದಕ್ಕಿಂತ ಒಂದು ಪರೀಕ್ಷಾ ವರದಿಯ ಅಂಕಿ ಹೆಚ್ಚು ಮಾತನಾಡುತ್ತದೆ.

ಸರ್ಕಾರ ಅಲ್ಲಿ ಏನು ಮಾಡಿದೆ ಎಂಬುದನ್ನು ಮುಚ್ಚಿಡಕೂಡದು. ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಅದು ನಡೆಯುತ್ತಿದೆಯೆ, ಕೆಟ್ಟು ನಿಂತಿದೆಯೆ? ನದಿ ನೀರಿನ ಯೋಜನೆ ಊರಿಗೆ ಬಂದಿದೆಯೆ, ಬರುವುದಿದೆಯೆ? ಹಣ ಕೊಡುವವರು ಕೇಳುವ ಮೊದಲ ಪ್ರಶ್ನೆಗಳಿವು. ನದಿ ನೀರು ಮುಂದಿನ ವರ್ಷವೇ ಬರುವುದಾದರೆ ತೊಟ್ಟಿಯ ಪ್ರಸ್ತಾವವನ್ನೇ ಕೈಬಿಡುವುದು ಪ್ರಾಮಾಣಿಕತೆ.

ಲೆಕ್ಕ ಹೇಗೆ ನಿಲ್ಲಬೇಕು?

ಶಾಲೆಯ ಛಾವಣಿ 100 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಎಂದಿಟ್ಟುಕೊಳ್ಳೋಣ. ಛಾವಣಿಯ ಮೇಲೆ ಬೀಳುವ ನೀರು 50,000 ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆನೀರು ಎಂದು ಐದನೇ ಒಂದು ಭಾಗ ಕಳೆದರೆ ಉಳಿಯುವುದು 40,000 ಲೀಟರ್. ಇನ್ನು ಅಗತ್ಯ ಎಷ್ಟು? 100 ಮಕ್ಕಳು, ಕುಡಿಯಲು ಮತ್ತು ಬಿಸಿಯೂಟದ ಅಡುಗೆಗೆ ತಲಾ 2 ಲೀಟರ್, ವರ್ಷಕ್ಕೆ 200 ದಿನ ಎಂದರೆ ಅದೂ 40,000 ಲೀಟರ್. ಮಳೆಗಾಲ ಮುಗಿದ ಮೇಲೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಸುಮಾರು 90 ಶಾಲಾ ದಿನಗಳಿಗೆ 18,000 ಲೀಟರ್ ಕೂಡಿಟ್ಟಿರಬೇಕು. ಆದ್ದರಿಂದ 20,000 ಲೀಟರ್ ತೊಟ್ಟಿ. ಅದಕ್ಕಿಂತ ದೊಡ್ಡದನ್ನು ಕೇಳಿದರೆ ಏಕೆ ಎಂದು ಹೇಳಬೇಕು.

ಇಷ್ಟಕ್ಕೆ ನಿಲ್ಲಿಸಿದರೆ ಲೆಕ್ಕ ಅಂದವಾಗಿ ಕಾಣುತ್ತದೆ, ಆದರೆ ಅಪೂರ್ಣ. ಮಳೆ 350 ಮಿ.ಮೀ.ಗೆ ಇಳಿದ ವರ್ಷ ಸಿಗುವುದು 28,000 ಲೀಟರ್. ಅದು 140 ದಿನಗಳಿಗೆ ಮಾತ್ರ ಸಾಕು. ಉಳಿದ 60 ದಿನ ಏನು ಮಾಡುತ್ತೀರಿ? ‘ಪಂಚಾಯಿತಿಯ ಟ್ಯಾಂಕರಿನಿಂದ ನದಿ ಮೂಲದ ನೀರು ತರಿಸುತ್ತೇವೆ, ಅದಕ್ಕೆ ಪಂಚಾಯಿತಿಯ ಒಪ್ಪಿಗೆ ಪತ್ರ ಲಗತ್ತಿಸಿದೆ’ ಎಂದು ಬರೆದ ಸಂಸ್ಥೆಯ ಮೇಲೆ ವಿಶ್ವಾಸ ಹುಟ್ಟುತ್ತದೆ. ತನ್ನ ಯೋಜನೆ ಎಲ್ಲಿ ಮುರಿಯಬಹುದು ಎಂದು ತಾನೇ ಹೇಳುವವನನ್ನು ದಾನಿಗಳು ಸಂಶಯದಿಂದ ನೋಡುವುದು ಕಡಿಮೆ.

ಮಾಡುವ ಕೆಲಸ ಬೇರೆ, ಅದರ ಪರಿಣಾಮ ಬೇರೆ ಎಂಬುದನ್ನೂ ಇಲ್ಲಿಯೇ ಬಿಡಿಸಬೇಕು. ತೊಟ್ಟಿ ಕಟ್ಟುವುದು ಕೆಲಸ. ಮಕ್ಕಳು ಫ್ಲೋರೈಡ್ ನೀರು ಕುಡಿಯುವುದನ್ನು ಬಿಡುವುದು ಪರಿಣಾಮ. ಎರಡನೆಯದನ್ನು ಅಳೆಯಲು ದಿನವೂ ಬಳಸಿದ ನೀರಿನ ದಾಖಲೆ, ವರ್ಷಕ್ಕೆ ಎರಡು ಬಾರಿ ತೊಟ್ಟಿ ನೀರಿನ ಪರೀಕ್ಷೆ ಸಾಕು. ಆದರೆ ‘ಊರು ಫ್ಲೋರೋಸಿಸ್ ಮುಕ್ತವಾಗುವುದು’ ಎಂದು ಬರೆಯಬೇಡಿ. ಒಮ್ಮೆ ಮೂಡಿದ ಹಲ್ಲಿನ ಕಲೆ ನೀರು ಬದಲಿಸಿದರೆ ಅಳಿಯುವುದಿಲ್ಲ. ಮಗು ಮನೆಗೆ ಹೋಗಿ ಕುಡಿಯುವುದು ಅದೇ ಕೊಳವೆಬಾವಿಯ ನೀರು.

ಸಂಬಳವನ್ನು ಅಡಗಿಸಬೇಡಿ

ಸಿಬ್ಬಂದಿ ವೆಚ್ಚ ತೋರಿಸಿದರೆ ಹಣ ಸಿಗುವುದಿಲ್ಲವೆಂಬ ಭಯ ನಮ್ಮ ಸಂಸ್ಥೆಗಳಲ್ಲಿ ಬೇರೂರಿದೆ. ಆ ಭಯದಲ್ಲಿ ಸಂಬಳವನ್ನು ‘ತರಬೇತಿ’, ‘ಪ್ರಯಾಣ’ ಎಂಬ ಶೀರ್ಷಿಕೆಗಳಡಿ ತುರುಕುತ್ತಾರೆ. ಲೆಕ್ಕಪರಿಶೋಧನೆಯಲ್ಲಿ ಅದು ಹೊರಬಿದ್ದಾಗ ಹೆಸರೇ ಕೆಡುತ್ತದೆ. ಕಂಪನಿ ನಿಯಮಗಳಲ್ಲಿರುವ ಶೇ. 5ರ ಆಡಳಿತ ವೆಚ್ಚದ ಮಿತಿಯೂ ಈ ಭಯವನ್ನು ಹೆಚ್ಚಿಸಿದೆ. ಆ ಮಿತಿ ಕಂಪನಿಯು ತನ್ನ ಸಾಮಾಜಿಕ ಹೊಣೆಗಾರಿಕೆ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ ಸಂಬಂಧಿಸಿದ್ದು. ಯೋಜನೆಯ ರೂಪಣೆ, ಅನುಷ್ಠಾನ, ಮೇಲ್ವಿಚಾರಣೆ ಮತ್ತು ಮೌಲ್ಯಮಾಪನಕ್ಕೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರುವುದಿಲ್ಲ.

ಸಂಯೋಜಕರ ಸಂಬಳ ತಿಂಗಳಿಗೆ 25,000 ರೂ. ಇದ್ದು, ಅವರು ಸಮಯದ ಶೇ. 40ರಷ್ಟನ್ನು ಈ ಯೋಜನೆಗೆ ಕೊಡುವುದಾದರೆ ತಿಂಗಳಿಗೆ 10,000 ರೂ., ವರ್ಷಕ್ಕೆ 1,20,000 ರೂ. ಎಂದು ನೇರವಾಗಿ ಬರೆಯಿರಿ. ತೊಟ್ಟಿ, ಕೊಳವೆ, ಸೋಸುಗಕ್ಕೆ ಮೂರು ಕಡೆಯ ದರಪಟ್ಟಿ ತರಿಸಿ ಲಗತ್ತಿಸಿ. ಕಾರ್ಯಯೋಜನೆಯಲ್ಲಿ ಇಲ್ಲದ ಯಾವ ಖರ್ಚೂ ಅಂದಾಜು ಪಟ್ಟಿಯಲ್ಲಿ ಇರಬಾರದು. ಪಟ್ಟಿಯಲ್ಲಿ ಹಣವಿಡದ ಯಾವ ಕೆಲಸವೂ ಕಾರ್ಯಯೋಜನೆಯಲ್ಲಿ ಉಳಿಯಬಾರದು. ಅನುದಾನ ಮುಗಿದ ಮೇಲೆ ತೊಟ್ಟಿ ತೊಳೆಯುವವರು ಯಾರು, ಸೋಸುಗದ ಮರಳು ಬದಲಿಸುವವರು ಯಾರು ಎಂಬುದಕ್ಕೆ ಶಾಲಾಭಿವೃದ್ಧಿ ಸಮಿತಿಯ ನಿರ್ಣಯದ ಪ್ರತಿಯೇ ಉತ್ತರ.

ಹೊಸ ಸಂಸ್ಥೆಗಳು ಮೊದಲ ಬಾರಿಗೇ ಐವತ್ತು ಶಾಲೆಗಳನ್ನು ಹಿಡಿಯಬೇಕಿಲ್ಲ. 1987ರಲ್ಲಿ ನಬಾರ್ಡ್ ನಮ್ಮ ಕರ್ನಾಟಕದ ಮೈರಾಡ ಸಂಸ್ಥೆಗೆ ಉಳಿತಾಯ ಮತ್ತು ಸಾಲದ ಸಣ್ಣ ಗುಂಪುಗಳ ಪ್ರಯೋಗಕ್ಕಾಗಿ ಕೊಟ್ಟದ್ದು 10 ಲಕ್ಷ ರೂ. ಅಲ್ಲಿ ಕಂಡ ಫಲದ ಬಲವೂ ಸೇರಿ 1992ರಲ್ಲಿ ದೇಶದಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಇಂದು ಹಳ್ಳಿಹಳ್ಳಿಯ ಸ್ತ್ರೀಯರು ಬಲ್ಲ ವ್ಯವಸ್ಥೆಯ ಹಿಂದೆ ಅಂಥ ಒಂದು ಸಾಧಾರಣ ಮೊತ್ತದ ಅನುದಾನವಿದೆ.

ಭಾಷೆ ಮತ್ತು ಕಾಲ

ಇಂಗ್ಲಿಷ್ ಬಾರದೆಂದು ಹಿಂಜರಿಯುವವರು ಒಂದು ವಿಷಯ ಗಮನಿಸಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲಿ ಬರೆದ ಪ್ರಸ್ತಾವಗಳನ್ನೂ ಸ್ವೀಕರಿಸುತ್ತದೆ. ಅದರ ‘ಕಲಿ-ಕಲಿಸು’ ಕಾರ್ಯಕ್ರಮದಡಿ ನಮ್ಮ ರಾಜ್ಯದ ಸರ್ಕಾರಿ ಶಾಲಾ ಶಿಕ್ಷಕರು ಅನುದಾನ ಪಡೆದಿದ್ದಾರೆ. ಎಲ್ಲ ಕಡೆ ಈ ಸೌಲಭ್ಯವಿಲ್ಲ, ನಿಜ. ಇಂಗ್ಲಿಷಿನಲ್ಲೇ ಕೊಡಬೇಕಾದಾಗಲೂ ಮೊದಲ ಕರಡನ್ನು ಕನ್ನಡದಲ್ಲಿ ಬರೆದು, ಶಾಲೆಯ ಮುಖ್ಯೋಪಾಧ್ಯಾಯರಿಗೂ ಇಬ್ಬರು ತಾಯಂದಿರಿಗೂ ಓದಿ ಹೇಳಿ. ಅವರು ‘ಹಾಗಲ್ಲ’ ಎಂದು ತಲೆಯಾಡಿಸಿದ ಜಾಗಗಳನ್ನು ತಿದ್ದಿದ ನಂತರ ಅನುವಾದಕರ ಕೈಗೆ ಕೊಡಿ. ‘ಸಬಲೀಕರಣ’, ‘ಸಮಗ್ರ’, ‘ಸುಸ್ಥಿರ’ ಎಂಬ ಪದಗಳು ಪುಟಕ್ಕೆ ಒಂದಕ್ಕಿಂತ ಹೆಚ್ಚಾದರೆ ಹೊಡೆದುಹಾಕುವುದು ಉತ್ತಮ.

ಕಳುಹಿಸುವ ಕಾಲವೂ ಮುಖ್ಯ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಸಮಿತಿ ವಾರ್ಷಿಕ ಕ್ರಿಯಾ ಯೋಜನೆಯನ್ನು ನಿರ್ದೇಶಕ ಮಂಡಳಿಗೆ ಶಿಫಾರಸು ಮಾಡಬೇಕಾಗಿರುವುದರಿಂದ, ಹಣಕಾಸು ವರ್ಷ ಆರಂಭವಾಗುವ ಮೊದಲೇ, ಜನವರಿಯಿಂದ ಮಾರ್ಚ್‌ನೊಳಗೆ ಮಾತುಕತೆ ನಡೆದಿರುವುದು ಒಳ್ಳೆಯದು. ತಿರಸ್ಕಾರದ ಪತ್ರ ಬಂದರೆ ಒಂದು ವಾರದೊಳಗೆ ಕಾರಣ ಕೇಳಿ ವಿನಯದಿಂದ ಬರೆಯಿರಿ. ಕೆಲವರು ಉತ್ತರಿಸುವುದಿಲ್ಲ. ಉತ್ತರಿಸಿದವರ ಪತ್ರವನ್ನು ಮುಂದಿನ ವರ್ಷದ ಕರಡಿನ ಜೊತೆಗೇ ಕಡತದಲ್ಲಿ ಇಟ್ಟುಕೊಳ್ಳಿ.