ಕೆಂಪೇರುವ ಮುಖವೂ ವಯಸ್ಸಿನ ಗೆರೆಗಳೂ

ಮುಪ್ಪನ್ನು ಯಾರೂ ಆದರದಿಂದ ಬರಮಾಡಿಕೊಳ್ಳುವುದಿಲ್ಲ. ಅದು ಬಂದಿತೆಂಬುದು ಮೊದಲು ತಿಳಿಯುವುದು ಕನ್ನಡಿಯಿಂದ. ನಮ್ಮ ಹಿಂದಿನವರು ಇದನ್ನು ‘ವಲೀಪಲಿತ’ವೆಂದು ಒಂದೇ ಸಮಾಸದಲ್ಲಿ ಹೇಳಿದರು, ವಲಿಯೆಂದರೆ ಸುಕ್ಕು, ಪಲಿತವೆಂದರೆ ನರೆ. ನರೆಯನ್ನು ಗಂಡಸರಾದ ನಾವು ಗೌರವದ ಚಿಹ್ನೆಯೆಂದು ಹೇಳಿಕೊಂಡು ಸಮಾಧಾನಪಡುವೆವು. ಸುಕ್ಕಿನ ವಿಷಯದಲ್ಲಿ ಹೆಂಗಸರಿಗೆ ಅಷ್ಟು ಸುಲಭವಾದ ಸಮಾಧಾನವನ್ನು ಲೋಕವು ಕೊಟ್ಟಿಲ್ಲ. ಆದುದರಿಂದ ಐವತ್ತರ ಸಮೀಪಕ್ಕೆ ಬಂದ ಗೃಹಿಣಿಯೊಬ್ಬಳು ಮುಖಕ್ಕೆ ಏನಾದರೂ ಹಚ್ಚಿಕೊಳ್ಳಬೇಕೆಂದು ಬಯಸಿದರೆ ನಗತಕ್ಕದ್ದಲ್ಲ. ಏನನ್ನು ಹಚ್ಚಿಕೊಳ್ಳುವಳೆಂಬುದನ್ನು ಮಾತ್ರ ವಿಚಾರಿಸಬೇಕು. ಅವಳದು ಬೇಗನೆ ಕೆಂಪೇರಿ ಉರಿಯುವ ಸೂಕ್ಷ್ಮವಾದ ಚರ್ಮವಾದರಂತೂ ಈ ವಿಚಾರವು ಅತ್ಯವಶ್ಯಕ. ಇದನ್ನು ನಾನು ಗ್ರಂಥ ನೋಡಿ ಕಲಿತವನಲ್ಲ. ಮನೆಯಲ್ಲಿಯೇ ತಪ್ಪು ಮಾಡಿ ಕಲಿತವನು.

ನನ್ನ ತಂಗಿಯ ಮನೆ ಹೊಳೆನರಸೀಪುರದಲ್ಲಿ. ಚಿಕ್ಕಂದಿನಿಂದಲೂ ಅವಳ ಮುಖದ ಸ್ವಭಾವ ಹೀಗೆಯೇ: ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆದರೂ, ಬಿಸಿಬಿಸಿ ಸಾರು ಕುಡಿದರೂ, ಯಾರಾದರೂ ಒಂದು ಮಾತೆಂದರೂ ಕೆನ್ನೆ ಮೂಗುಗಳು ಕೆಂಪಾಗುವುವು. ಐವತ್ತು ದಾಟಿದ ಮೇಲೆ ಆ ಕೆಂಪು ಇಳಿಯದೆ ನಿಂತಿತು. ಅದರ ಮೇಲೆ ಸಣ್ಣ ಗೆರೆಗಳೂ ಮೂಡಿದುವು. ಮಗಳ ಮದುವೆ ಗೊತ್ತಾದಾಗ, “ಅಣ್ಣಯ್ಯ, ಬೀಗರ ಮುಂದೆ ಈ ಮುಖ ಹೊತ್ತುಕೊಂಡು ಹೇಗೆ ನಿಲ್ಲಲಿ?” ಎಂದಳು. ಮೂವತ್ತೈದು ವರ್ಷ ಅರಕಲಗೂಡಿನಲ್ಲಿ ಪಾಠ ಹೇಳಿ, ಈಗ ಹಾಸನದಲ್ಲಿ ನೆಲಸಿರುವ ನಾನು, ಒಂದು ಔಷಧದಂಗಡಿಗೆ ಹೋಗಿ ಕೇಳಿದೆನು. ಅಂಗಡಿಯವನು ಚೀಟಿ ಕೇಳಲಿಲ್ಲ. ಒಂದು ಟ್ಯೂಬು ಕೊಟ್ಟು, “ಎಲ್ಲರೂ ಇದನ್ನೇ ಒಯ್ಯುತ್ತಾರೆ ಮೇಷ್ಟ್ರೇ” ಎಂದನು. ಸಮಾಸಗಳನ್ನು ಬಿಡಿಸಿ ವಿಗ್ರಹವಾಕ್ಯ ಹೇಳಿಕೊಡುವುದರಲ್ಲಿಯೇ ಆಯುಷ್ಯ ಕಳೆದ ನಾನು, ಆ ಟ್ಯೂಬಿನ ಬೆನ್ನ ಮೇಲಿನ ಎರಡು ಸಾಲು ಓದುವ ಶ್ರಮವನ್ನು ತೆಗೆದುಕೊಳ್ಳಲಿಲ್ಲ.

ಮೂರು ವಾರಗಳಲ್ಲಿ ಕೆಂಪು ಹೋಯಿತು. ಮುಖ ಬೆಳ್ಳಗೆ ನುಣುಪಾಗಿ ಹೊಳೆಯಿತು. ಮದುವೆಗೆ ಬಂದವರೆಲ್ಲರೂ ಅವಳಿಗೆ ಹತ್ತು ವರ್ಷ ಕಡಿಮೆಯಾಯಿತೆಂದರು. ಮದುವೆ ಮುಗಿದರೂ ಅವಳು ಅದನ್ನು ಬಿಡಲಿಲ್ಲ. ಬಿಟ್ಟರೆ ಎರಡು ದಿನದೊಳಗೆ ಮುಖ ಬೆಂಕಿಯಾಗುತ್ತಿದ್ದಿತಾಗಿ ಬಿಡಲಾರದೆ ಹೋದಳು. ಎಂಟು ತಿಂಗಳಾಗುವಷ್ಟರಲ್ಲಿ ಚರ್ಮ ಈರುಳ್ಳಿಯ ಸಿಪ್ಪೆಯಂತೆ ತೆಳ್ಳಗಾಯಿತು, ಕೆನ್ನೆಯ ಮೇಲೆ ಕೆಂಪು ನರಗಳ ಬಲೆ ಕಂಡಿತು, ಗಲ್ಲದಲ್ಲಿ ಕೂದಲು ಹುಟ್ಟಿತು. “ಮುಖಕ್ಕೆ ನೀರು ಮುಟ್ಟಿಸಿದರೂ ಮೆಣಸಿನಪುಡಿ ಎರಚಿದ ಹಾಗಾಗುತ್ತದೆ” ಎಂದು ಅತ್ತಾಗ ಅವಳನ್ನು ಹಾಸನಕ್ಕೆ ಕರೆತಂದು ಚರ್ಮರೋಗದ ವೈದ್ಯೆಗೆ ತೋರಿಸಿದೆನು. ಆಕೆ ಟ್ಯೂಬನ್ನು ತಿರುಗಿಸಿ ನೋಡಿ, “ಇದನ್ನು ಯಾರು ಕೊಟ್ಟರು?” ಎಂದರು. ನಾನು ತಲೆ ತಗ್ಗಿಸಿದೆನು.

ಆ ಟ್ಯೂಬಿನಲ್ಲಿದ್ದುದು ಸ್ಟೀರಾಯ್ಡ್ ಎಂಬ ಜಾತಿಯ ಔಷಧ. ಇದನ್ನು ವಿಷವೆಂದು ಹಳಿಯುವುದು ನ್ಯಾಯವಲ್ಲ. ಕಾರ್ಟಿಸೋನಿನ ಗುಣವನ್ನು ಕಂಡುಹಿಡಿದವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂದಿತು. 1952ರಿಂದ ಆ ಜಾತಿಯ ಔಷಧಗಳು ಲೇಪನರೂಪದಲ್ಲಿ ಚರ್ಮರೋಗಗಳಿಗೆ ಪ್ರಯೋಗವಾಗಿ ಅಸಂಖ್ಯಾತ ಜನರ ತುರಿಕೆ, ಇಸುಬುಗಳನ್ನು ಶಮನಗೊಳಿಸಿವೆ. ಆದರೆ ಅದು ರಕ್ತನಾಳಗಳನ್ನು ಕುಗ್ಗಿಸಿ ಕೆಂಪನ್ನು ಮರೆಮಾಡುವುದೇ ಹೊರತು ಕೆಂಪೇರುವ ಸ್ವಭಾವವನ್ನು ಗುಣಪಡಿಸುವುದಿಲ್ಲ. ಬಹುಕಾಲ ಹಚ್ಚಿದರೆ ಚರ್ಮದ ಒಳಗಿನ ಕೊಲಾಜನ್ ಎಂಬ ನಾರನ್ನೇ ಸವೆಯಿಸುವುದು. ಎಂದರೆ, ಮುಪ್ಪನ್ನು ತಡೆಯಲೆಂದು ಹಚ್ಚಿದುದು ಮುಪ್ಪನ್ನೇ ಕರೆತರುವುದು. 1975ರಲ್ಲಿ ಅಮೆರಿಕದ ಕ್ಲಿಗ್ಮನ್ ಎಂಬ ವೈದ್ಯರು ಕಪ್ಪು ಕಲೆಗಳಿಗಾಗಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಒಂದು ಸ್ಟೀರಾಯ್ಡ್ ಈ ಮೂರನ್ನು ಕೂಡಿಸಿದ ಯೋಗವನ್ನು ಪ್ರಕಟಿಸಿದರು. ವೈದ್ಯರು ಕೆಲವು ವಾರಗಳ ಮಟ್ಟಿಗೆ ಕೊಡಬೇಕಾದ ಆ ಬಗೆಯ ಯೋಗಗಳೇ ನಮ್ಮ ದೇಶದಲ್ಲಿ ಮುಖ ಬೆಳ್ಳಗಾಗುವ ಕ್ರೀಮುಗಳೆಂದು ಕೈಯಿಂದ ಕೈಗೆ ಹೋಗುತ್ತಿವೆ. ಚರ್ಮವೈದ್ಯರ ಸಂಘದವರು ಬಹಳ ಹೋರಾಡಿದ ತರುವಾಯ 2018ರಲ್ಲಿ ಕೇಂದ್ರ ಸರ್ಕಾರವು ಲೇಪನದ ಹದಿನಾಲ್ಕು ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿಯೇನೋ ಉಂಟು, ಕೇಳುವ ಗಿರಾಕಿಯೂ ಕೊಡುವ ಅಂಗಡಿಯವನೂ ಇರುವವರೆಗೆ ವಾಚಕರು ತಮ್ಮ ಕಣ್ಣನ್ನೇ ನಂಬತಕ್ಕದ್ದು. ಬೀಟಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಫ್ಲೂಸಿನೊಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಟ್ಯೂಬಿನ ಮೇಲೆ ಇದ್ದರೆ ವೈದ್ಯರ ಮಾತಿಲ್ಲದೆ ಅದನ್ನು ಮುಖಕ್ಕೆ ಮುಟ್ಟಿಸಬಾರದು. ಈಗಾಗಲೇ ಬಹುದಿನ ಹಚ್ಚಿದ್ದವರು ಇದನ್ನು ಓದಿ ಭಯಪಟ್ಟು ತಾವಾಗಿ ಒಮ್ಮೆಲೇ ನಿಲ್ಲಿಸಲೂಬಾರದು. ಉರಿ ಇಮ್ಮಡಿಯಾಗಿ ಹಿಂತಿರುಗುವುದರಿಂದ, ಬಿಡಿಸುವ ಕ್ರಮವನ್ನು ವೈದ್ಯರೇ ಹೇಳಬೇಕು.

ಚರ್ಮವೆಂಬುದೇನು ಸಾಮಾನ್ಯವಾದ ಹೊದಿಕೆಯೆ? ಕಾಯುವ ಹಾಲಿನ ಮೇಲೆ ಕೆನೆ ಪದರ ಪದರವಾಗಿ ಕಟ್ಟುವಂತೆ ಗರ್ಭದಲ್ಲಿ ಏಳು ತ್ವಚೆಗಳು ಉಂಟಾಗುವುವೆಂದು ಸುಶ್ರುತನು ಹೇಳಿದ್ದಾನೆ. ಹೊರಗಿನದು ಅವಭಾಸಿನಿ, ಒಂದು ಬತ್ತದ ಕಾಳಿನ ಹದಿನೆಂಟನೆಯ ಒಂದು ಪಾಲಿನಷ್ಟು ತೆಳುವಾದುದು, ಬಣ್ಣಗಳೆಲ್ಲವನ್ನೂ ತೋರಿಸುವುದು ಅದೇ. ಎರಡನೆಯದರ ಹೆಸರು ಲೋಹಿತಾ, ಎಂದರೆ ಕೆಂಪಾದುದು. ಹಾಲು ಕಾಯಿಸುವ ಗೃಹಿಣಿಯರಿಗೆ ಈ ಉಪಮೆಯನ್ನು ವಿವರಿಸಬೇಕಾದುದಿಲ್ಲ. ಕೆನೆಯನ್ನು ಒರಟಾಗಿ ಮುಟ್ಟಿದರೆ ಏನಾಗುವುದೆಂದು ಅವರೇ ಬಲ್ಲರು. ಇಂದಿನ ಶಾಸ್ತ್ರವು ಲೆಕ್ಕವನ್ನು ಬೇರೆ ವಿಧವಾಗಿ ಮಾಡುವುದು. ಹೊರಪದರವು ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುವುದು, ವಯಸ್ಸಾದಂತೆ ಈ ಕೆಲಸ ನಿಧಾನವಾಗುವುದು. ಒಳಗಿನ ಕೊಲಾಜನ್ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುವುದು. ಸ್ತ್ರೀಯರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿಯೇ ಅದು ನೂರಕ್ಕೆ ಮೂವತ್ತರಷ್ಟು ಇಳಿಯುವುದೆಂದು ವೈದ್ಯರು ಎಣಿಸಿದ್ದಾರೆ. ನನ್ನ ತಂಗಿಯ ಗೆರೆಗಳು ಥಟ್ಟನೆ ಕಂಡುದಕ್ಕೆ ಇದು ಕಾರಣ. ಕೆಂಪಿನ ಕಾರಣ ಬೇರೆ. ಅದನ್ನು ವೈದ್ಯರು ‘ರೊಸೇಷಿಯ’ ಎನ್ನುವರು. ಮುಖದ ಸೂಕ್ಷ್ಮ ರಕ್ತನಾಳಗಳು ಸ್ವಲ್ಪ ನೆಪ ಸಿಕ್ಕಿದರೂ ಹಿಗ್ಗುವ ಸ್ವಭಾವವದು. ಬಿಳಿಯ ಜನರಲ್ಲಿ ಅದು ಎದ್ದು ಕಾಣುವುದು; ನಮ್ಮ ಗೋದಿಬಣ್ಣದ, ಎಣ್ಣೆಗೆಂಪಿನ ಮುಖಗಳಲ್ಲಿ ಮಬ್ಬುಗೆಂಪಾಗಿ, ಕೆಲವೊಮ್ಮೆ ಬರಿಯ ಉರಿಯಾಗಿ ಮಾತ್ರ ತೋರುವುದರಿಂದ, ಬಹುಮಟ್ಟಿಗೆ ಯಾರೂ ಅದನ್ನು ಗುರುತಿಸುವುದಿಲ್ಲ.

ಕೆರಳಿಸುವ ನೆಪಗಳು ನಮ್ಮ ಮನೆಗಳಲ್ಲಿ ಹೇರಳವಾಗಿವೆ: ಒಲೆಯ ಝಳ, ಹಬೆ, ಒಗ್ಗರಣೆಯ ಖಾರದ ಘಾಟು, ಕುದಿಯುವ ಕಾಫಿ, ಸುಡುನೀರಿನ ಅಭ್ಯಂಜನ, ಮನಸ್ಸಿನ ಕ್ಷೋಭೆ. ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವ ಮನೆಗಳ ಬಳಿ ಕೆಲಸ ಮಾಡುವ ಹೆಂಗಸರಂತೂ ಈ ತಾಪವನ್ನು ದಿನವೆಲ್ಲ ಅನುಭವಿಸುವರು. ಅಡಿಗೆಯನ್ನು ಬಿಡಿರೆಂದು ಹೇಳುವ ಮೂರ್ಖ ನಾನಲ್ಲ. ಆದರೆ ಅಡಿಗೆಮನೆಯ ಕಿಟಕಿ ತೆರೆದಿರಬೇಕು, ಕಾಫಿಯನ್ನು ಒಂದು ಗಳಿಗೆ ಆರಿಸಿ ಕುಡಿಯಬೇಕು, ಮುಖಕ್ಕೆ ಮಾತ್ರವಾದರೂ ತಣ್ಣೀರು ಬಳಸಬೇಕು. ಮನೆಯವರು ಆಗಾಗ್ಗೆ ಒಲೆಯ ಮುಂದಿನ ಸ್ಥಾನವನ್ನು ತಾವು ವಹಿಸಿಕೊಂಡರೆ ಅದೂ ಒಂದು ಚಿಕಿತ್ಸೆಯೇ.

ಇವೆಲ್ಲಕ್ಕಿಂತಲೂ ದೊಡ್ಡ ಕಾರಣ ಸೂರ್ಯ. ಕೆಂಪನ್ನು ಕೆರಳಿಸುವವನೂ ಅವನೇ, ಸುಕ್ಕನ್ನು ಬರೆಯುವವನೂ ಅವನೇ. ನಾನು ಆಯುಷ್ಯ ಕಳೆದ ಅರಕಲಗೂಡಿಗೆ ಅರ್ಕಪುರಿಯೆಂದೂ, ಅಲ್ಲಿಯ ದೇವರಿಗೆ ಅರ್ಕೇಶ್ವರನೆಂದೂ ಹೆಸರು. ಅರ್ಕನ ಊರಿನವನಾಗಿ ನಾನು ಅವನನ್ನು ನಿಂದಿಸಲಾರೆ; ನಮಸ್ಕಾರವನ್ನು ಎಳೆಬಿಸಿಲಿನಲ್ಲಿಯೇ ಮಾಡಿ ನೆರಳಿಗೆ ಬರಬೇಕೆಂದಷ್ಟೆ ಹೇಳುವೆನು. ನಮ್ಮ ಜಿಲ್ಲೆಯಲ್ಲಿ ಒಂದು ವಂಚನೆಯುಂಟು. ಹಾಸನವು ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಮೇಲಿರುವುದರಿಂದ ಗಾಳಿ ತಂಪು. ಇದನ್ನು ಬಡವರ ಊಟಿಯೆಂದು ಕರೆಯುವುದೂ ಉಂಟು. ತಂಪಾದ ಗಾಳಿಯಲ್ಲಿ ಬಿಸಿಲಿನ ಪೆಟ್ಟು ತಿಳಿಯುವುದಿಲ್ಲ. ಆದರೆ ಚರ್ಮವನ್ನು ಕೆಡಿಸುವ ನೇರಳಾತೀತ ಕಿರಣಗಳಿಗೂ ಸೆಕೆಗೂ ಸಂಬಂಧವಿಲ್ಲ. ಎತ್ತರ ಹೆಚ್ಚಿದಂತೆ ಅವು ಹೆಚ್ಚುವುವು. ಅವುಗಳಲ್ಲಿ ಒಂದು ಜಾತಿ ಮೇಲ್ಪದರವನ್ನು ಸುಡುವುದು. ಇನ್ನೊಂದು ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಒಳಪದರದ ಕೊಲಾಜನ್ನನ್ನು ಮುರಿಯುವುದು. ಮುಂಗಾರಿನ ಮೋಡದಡಿ ದಿನವೆಲ್ಲ ಆಲೂಗಡ್ಡೆಯ ಹೊಲದಲ್ಲಿ ಕಳೆ ಕೀಳುವವಳ ಮುಖವನ್ನೂ, ಸೀರೆಯ ಸೆರಗಿನೊಳಗೆ ಮುಚ್ಚಿರುವ ಅವಳದೇ ತೋಳಿನ ಚರ್ಮವನ್ನೂ ಹೋಲಿಸಿ ನೋಡಿದರೆ ಬೇರೆ ಪ್ರಮಾಣ ಬೇಕಿಲ್ಲ. ವಯಸ್ಸು ಎರಡಕ್ಕೂ ಒಂದೇ ಅಲ್ಲವೆ?

ಆದಕಾರಣ ವೈದ್ಯೆ ಮೊದಲು ಬರೆದುಕೊಟ್ಟುದು ಒಂದು ಕೊಡೆ! ಹತ್ತು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಕೊಡೆಯಿಲ್ಲದೆ ಹೊರಗೆ ಹೋಗಕೂಡದು. ಅದರೊಡನೆ ಬಿಸಿಲುತಡೆಯ ಲೇಪ. ಇದರಲ್ಲಿ ಬಹು ಬಗೆಗಳುಂಟು; ಸೂಕ್ಷ್ಮ ಚರ್ಮದವರಿಗೆ ಸತುವಿನ ಭಸ್ಮವೆನ್ನಬಹುದಾದ ಜಿಂಕ್ ಆಕ್ಸೈಡ್ ಇರುವುದು ಸಾಮಾನ್ಯವಾಗಿ ಉರಿಯುವುದಿಲ್ಲ. ಎಸ್‌ಪಿಎಫ್ 30 ಎಂದು ಬರೆದಿದ್ದರೆ ಸುಡುವ ಕಿರಣಗಳಲ್ಲಿ ನೂರಕ್ಕೆ 97ರಷ್ಟನ್ನು ತಡೆಯುವುದು. ಆದರೆ ಸಾಕಷ್ಟು ಹಚ್ಚಿದರೆ ಮಾತ್ರ. ಮುಖಕ್ಕೂ ಕತ್ತಿಗೂ ಕೂಡಿ ಎರಡು ಬೆರಳುದ್ದ ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನನ್ನ ತಂಗಿ ಕುಂಕುಮದಷ್ಟು ಹಚ್ಚಿಕೊಂಡು, ಇದರಿಂದ ಪ್ರಯೋಜನವಿಲ್ಲವೆಂದು ಮೊದಮೊದಲು ದೂರಿದಳು.

ಉಳಿದ ಉಪಚಾರವೆಲ್ಲವೂ ಬಿಡುವುದರಲ್ಲಿಯೇ ಇದ್ದಿತು. ಸಾಬೂನು ಕ್ಷಾರ, ಚರ್ಮವು ಸ್ವಭಾವತಃ ಸ್ವಲ್ಪ ಆಮ್ಲ, ಆದುದರಿಂದ ಮುಖಕ್ಕೆ ಸಾಬೂನು ನಿಂತಿತು. ಸರ್ಕಾರದ ಕಾರ್ಖಾನೆ ಆರಂಭವಾದಂದಿನಿಂದ ಮೈಸೂರಿನವರ ಅಭಿಮಾನವಾಗಿರುವ ಗಂಧದ ಸಾಬೂನನ್ನು ಕೈಕಾಲಿಗೆ ಮೀಸಲಿಡಬೇಕಾಯಿತು. ಪರಿಮಳವೆಂಬುದು ಯಾವುದಾದರೂ ಸರಿಯೆ, ಕೆರಳುವ ಮುಖಕ್ಕೆ ಹಗೆ. ಕಡಲೆಹಿಟ್ಟಿನ ತಿಕ್ಕಾಟವೂ ನಿಂತಿತು. ನಿಂಬೆಯ ರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆಯೆದ್ದು ಕಪ್ಪು ಕಲೆ ಉಳಿಯುವುದೆಂಬುದನ್ನು ನಾನು ಆಗಲೇ ಕೇಳಿದುದು. ಎಷ್ಟು ಮನೆಗಳಲ್ಲಿ ಇದನ್ನೇ ಸೌಂದರ್ಯದ ಉಪಾಯವೆಂದು ಹೇಳುವರು! ಅರಿಸಿನವು ಒಳ್ಳೆಯದೇ, ಆದರೆ ಅಂಗಡಿಯ ಪುಡಿಯಲ್ಲಿ ಬೆರಕೆಯ ಬಣ್ಣವಿರಬಹುದು, ಕುಂಕುಮದ ಬಣ್ಣವೂ ಕೆಲವರ ಹಣೆಯನ್ನು ಕೆಡಿಸುವುದು. ಹಚ್ಚಲು ಉಳಿದುದು ವಾಸನೆಯಿಲ್ಲದ ಒಂದು ಮೃದು ಲೇಪ, ಸೆರಮೈಡ್ ಎಂಬ ಸ್ನೇಹದ್ರವ್ಯವೋ ಗ್ಲಿಸರಿನ್ನೋ ಇರುವಂಥದು. ಅದೂ ನೀರಿನ ಪಸೆ ಆರುವುದರೊಳಗೆ. ನಮ್ಮ ವೈದ್ಯದಲ್ಲಿ ಉರಿಗೆ ಶತಧೌತಘೃತವೆಂಬುದುಂಟು. ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೂರು ಸಲ ನೀರಿನಿಂದ ತೊಳೆದರೆ ಬೆಣ್ಣೆಗಿಂತ ಬಿಳುಪಾದ, ತಂಪಾದ ಲೇಪವಾಗುವುದು. ನಾನು ಅದನ್ನು ಸೂಚಿಸಿದಾಗ ವೈದ್ಯೆ ನಕ್ಕು, “ಮೊದಲು ಮೊಣಕೈ ಒಳಮೈಗೆ ನಾಲ್ಕು ದಿನ ಹಚ್ಚಿ ನೋಡಿ” ಎಂದರು. ಹೊಸದಾದ ಯಾವ ಪದಾರ್ಥಕ್ಕಾದರೂ ಈ ಪರೀಕ್ಷೆ ಸಲ್ಲುವುದು.

ಗೆರೆಗಳ ಗತಿಯೇನೆಂದು ವಾಚಕರು ಕೇಳಬಹುದು. ಸುಕ್ಕಿಗೆ ನಿಜವಾಗಿ ಕೆಲಸಮಾಡುವುದೆಂದು ಚೆನ್ನಾಗಿ ಪರೀಕ್ಷೆಯಾಗಿರುವುದು ಎ ಜೀವಸತ್ತ್ವದ ವಂಶದ ಟ್ರೆಟಿನಾಯಿನ್, ಅದರ ಸೌಮ್ಯ ದಾಯಾದಿ ರೆಟಿನಾಲ್. ಗರ್ಭಿಣಿಯರು ಇವನ್ನು ಮುಟ್ಟಬಾರದು. ಕೆಂಪೇರುವ ಚರ್ಮಕ್ಕೆ ಇವು ಮೊದಲೇ ಆಗವು. ಉರಿ ಪೂರ್ತಿ ಅಡಗಿದ ಮೇಲೆ, ವಾರಕ್ಕೆ ಎರಡು ರಾತ್ರಿ, ಕಡಲೆಕಾಳಿನಷ್ಟು, ಮೃದು ಲೇಪದ ಮೇಲೆ ಹಚ್ಚಿ ಸಹಿಸುವುದೇ ಎಂದು ನೋಡಬೇಕು. ಸಹಿಸದಿದ್ದರೆ ಅಜೆಲೇಯಿಕ್ ಆಮ್ಲವುಂಟು. ಕೆಂಪಿಗೂ ಅದು ಔಷಧವೇ. ನನಗೆ ಹೆಚ್ಚು ಕುತೂಹಲವನ್ನುಂಟುಮಾಡಿದುದು ನಮ್ಮ ಬಾಕುಚಿ. ತೊನ್ನಿಗೆ ಪ್ರಸಿದ್ಧವಾದ ಈ ಬೀಜದಿಂದ ‘ಬಾಕುಚಿಯಾಲ್’ ಎಂಬ ಸಾರವನ್ನು ತೆಗೆದು, 2019ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 44 ಜನರ ಮೇಲೆ ಹನ್ನೆರಡು ವಾರ ರೆಟಿನಾಲಿನೊಡನೆ ಹೋಲಿಸಿ ನೋಡಿದರು. ಗೆರೆಗಳು ಎರಡರಿಂದಲೂ ಹೆಚ್ಚುಕಡಿಮೆ ಸಮವಾಗಿ ಇಳಿದುವು. ಸಿಪ್ಪೆಯೇಳುವುದೂ ಚುರುಗುಟ್ಟುವುದೂ ರೆಟಿನಾಲಿನಲ್ಲಿ ಹೆಚ್ಚು. ಸಣ್ಣ ಪರೀಕ್ಷೆ, ಆದರೂ ಸಂತೋಷದ ಸುದ್ದಿ. ಇದನ್ನೋದಿ ಯಾರೂ ಗ್ರಂಧಿಗೆ ಅಂಗಡಿಯಿಂದ ಬಾಕುಚಿಯ ಬೀಜ ತಂದು ಅರೆದು ಹಚ್ಚಬೇಡಿ! ಹಸಿಬೀಜದಲ್ಲಿರುವ ಬೇರೊಂದು ದ್ರವ್ಯವು ಬಿಸಿಲು ತಾಕಿದೊಡನೆ ಚರ್ಮವನ್ನು ಸುಡುವುದು.

ಇನ್ನೊಂದು ಮಾತು. ಮುಖದ ಕೆಂಪೆಲ್ಲವೂ ರೊಸೇಷಿಯವಲ್ಲ. ಕೆನ್ನೆಗಳ ಮೇಲೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಹರಡಿ, ಜೊತೆಗೆ ಕೀಲುನೋವು, ಜ್ವರ, ಬಾಯಿಹುಣ್ಣು, ಆಯಾಸ ಇದ್ದರೆ ಅದು ಒಳಗಿನ ಅವಯವಗಳನ್ನೂ ಹಿಡಿಯುವ ಲ್ಯೂಪಸ್ ಆಗಿರಬಹುದು. ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಆಗುತ್ತಿದ್ದರೂ ತಡಮಾಡಬಾರದು. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮದ ವಿಭಾಗವಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತೋರಿಸಿಕೊಂಡು ಹಿಂದಿರುಗಬಹುದು.

ನನ್ನ ತಂಗಿಯ ಮುಖ ಶಾಂತವಾಗಲು ಪೂರ್ತಿ ಹತ್ತು ತಿಂಗಳು ಹಿಡಿಯಿತು. ಮೊದಲ ಆರು ವಾರ ಅವಳು ಪಟ್ಟ ಉರಿಯನ್ನು ನೆನೆದರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ. ನರಗಳ ಬಲೆ ಸ್ವಲ್ಪ ಉಳಿದಿದೆ, ಗೆರೆಗಳೂ ಇವೆ. ಅವನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಳೆದ ತಿಂಗಳು ಚನ್ನರಾಯಪಟ್ಟಣದಲ್ಲಿ ನಂಟರ ಮನೆಯ ಗೃಹಪ್ರವೇಶಕ್ಕೆ ಒಟ್ಟಿಗೆ ಹೋಗಿದ್ದೆವು. ಊಟದ ಮೇಲೆ ಆ ಮನೆಯ ಸೊಸೆ, ತಾನು ಎರಡು ತಿಂಗಳಿಂದ ಹಚ್ಚುತ್ತಿರುವ ಕ್ರೀಮಿನಿಂದ ಮುಖ ಎಷ್ಟು ತಿಳಿಯಾಗಿದೆ ನೋಡಿರೆಂದು ಹೆಂಗಸರಿಗೆಲ್ಲ ತೋರಿಸುತ್ತಿದ್ದಳು. ನನ್ನ ತಂಗಿ ಆ ಟ್ಯೂಬನ್ನು ಕೈಗೆ ತೆಗೆದುಕೊಂಡು ನಡುಮನೆಗೆ ಬಂದು, “ಅಣ್ಣಯ್ಯ, ನಿನ್ನ ಕನ್ನಡಕ ಕೊಡು” ಎಂದಳು. ಹಿಂದಿನ ಸಣ್ಣಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ಕನ್ನಡಕವನ್ನೂ ಟ್ಯೂಬನ್ನೂ ನನ್ನ ಕೈಯಲ್ಲಿಟ್ಟಳು. ಮೊಮೆಟಾಸೋನ್ ಎಂದಿದ್ದಿತು. ಮುಂದಿನ ಸೋಮವಾರ ಆ ಹುಡುಗಿಯನ್ನು ತಾನೇ ಹಾಸನಕ್ಕೆ ಕರೆದುಕೊಂಡು ಬಂದಳು. ಇಬ್ಬರಿಗೂ ಸೇರಿ ಒಂದೇ ಕೊಡೆ.